ಎಷ್ಟು ಬುತ್ತಿಯ ದೂರ?

2021ರ ಫೆಬ್ರುವರಿ ತಿಂಗಳು. ಕೊರೊನಾದ ದೀರ್ಘ ರಜೆಯ ನಂತರ ಹೈಸ್ಕೂಲು ಮಕ್ಕಳು ಮತ್ತೆ ತರಗತಿಗೆ ಬರತೊಡಗಿದ್ದರು. ಅದೇ ವಾರ ವಿಜಯಪುರದ ಬುರಣಾಪುರ–ಮದಭಾವಿ ಹತ್ತಿರ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಹಾಕಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಟಿಕೋಟಾದ ನಮ್ಮ ಶಾಲೆಯ ಒಂಬತ್ತನೆಯ ತರಗತಿಗೆ ನಾನು ಕಾಲಿಡುವುದೇ ತಡ, ಹುಡುಗರೆಲ್ಲ ಒಂದೇ ಸವನೆ ಕೇಳಿದರು: "ಟೀಚರ್ರೀ, ವಿಮಾನ ಬಂದ್ರ ಬೆಂಗಳೂರಿಗಿ ಎಷ್ಟ ತಾಸ್ರಿ?"

ಅಂದು ಹೇಳಬೇಕಾದ ಪಾಠ ಬೇರೆಯೇ ಇತ್ತು. ಆದರೆ ಮಕ್ಕಳು ತಾವಾಗಿ ಕೇಳಿದ ಪ್ರಶ್ನೆಯನ್ನು ಬಿಡುವ ಮಾಸ್ತರಿಕೆ ನನ್ನದಲ್ಲ. ಗೋಡೆಯ ನಕಾಶೆ ಇಳಿಸಿ, ಒಂದು ದಾರ ತೆಗೆದುಕೊಂಡು ವಿಜಯಪುರದಿಂದ ಬೆಂಗಳೂರಿಗೆ ಬಿಗಿಯಾಗಿ ಹಿಡಿಸಿದೆ. ಅದನ್ನು ಅಳತೆಪಟ್ಟಿಯ ಮೇಲಿಟ್ಟು ಲೆಕ್ಕ ಹಾಕಿದಾಗ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 470 ಕಿ.ಮೀ. ಬಂತು. ರಸ್ತೆಯಲ್ಲಿ ಹೋದರೆ 520ರ ಮೇಲೆ. ರೈಲು ಗದಗ–ಹುಬ್ಬಳ್ಳಿ ಸುತ್ತಿ ಹೋಗುವುದರಿಂದ ಅದಕ್ಕೆ ಏಳುನೂರು ಕಿ.ಮೀ. ಹತ್ತಿರ. ಸಣ್ಣ ವಿಮಾನ ತಾಸಿಗೆ 500 ಕಿ.ಮೀ. ಹಾರುತ್ತದೆಂದು ಹಿಡಿದರೂ, ಏರುವ ಇಳಿಯುವ ಹೊತ್ತು ಸೇರಿ ಒಂದು ತಾಸು ಹತ್ತು ಹದಿನೈದು ನಿಮಿಷ. ಒಂದೇ ಊರಿಗೆ ಮೂರು ದೂರ ಹೇಗೆ ಬಂದವೆಂದು ಮಕ್ಕಳಿಗೆ ಆಶ್ಚರ್ಯ. ದೂರವೆಂಬುದು ದಾರಿಯನ್ನು ಅವಲಂಬಿಸಿದೆ ಎಂದು ನಾನು ಸಂತೋಷದಿಂದ ವಿವರಿಸುತ್ತಿದ್ದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್ರೀ, ಟಿಕೋಟಾದಿಂದ ಬಬಲೇಶ್ವರಕ್ಕ ವಿಮಾನ ಬಿಡ್ತಾರೇನ್ರಿ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗಿ ನಗಲಿಲ್ಲ. "ಯಾಕವಾ?" ಎಂದೆ. "ನಮ್ಮವ್ವನ ತವರಮನಿ ರಿ ಅದು" ಎಂದು ತಲೆ ತಗ್ಗಿಸಿ ಕುಳಿತಳು.

ನನಗೂ ನಗು ಬರಲಿಲ್ಲ. ನನ್ನವ್ವನ ತವರೂ ಬಬಲೇಶ್ವರವೇ.

ಈಗ ಎರಡೂ ತಾಲೂಕು ಕೇಂದ್ರಗಳಾಗಿರುವ ಈ ಊರುಗಳ ನಡುವೆ ನೆಟ್ಟಗೆ ಹೋದರೆ ಇಪ್ಪತ್ತು–ಇಪ್ಪತ್ತೈದು ಕಿ.ಮೀ. ಇದ್ದೀತು. ಟಿಕೋಟಾ ವಿಜಯಪುರದ ಪಶ್ಚಿಮಕ್ಕೆ ಅಥಣಿ ದಾರಿಯಲ್ಲಿದೆ, ಬಬಲೇಶ್ವರ ನೈಋತ್ಯಕ್ಕೆ ಜಮಖಂಡಿ ದಾರಿಯಲ್ಲಿದೆ. ನಡುವೆ ಡೋಣಿ. ಜತ್ತ ಸೀಮೆಯಲ್ಲಿ ಹುಟ್ಟಿ ತಾಳಿಕೋಟೆಯ ಕಡೆ ಹರಿದು ಕೃಷ್ಣೆಯನ್ನು ಸೇರುವ ಈ ಹೊಳೆಯ ಎರಡೂ ದಂಡೆಗಳಲ್ಲಿ ಎರಿಭೂಮಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ನಮ್ಮವರು. ಆದರೆ ಶ್ರಾವಣದ ಮಳೆ ಹಿಡಿದಾಗ ಅದೇ ಎರಿ ಚಕ್ಕಡಿಯ ಗಾಲಿಯನ್ನು ಗುಂಭದವರೆಗೆ ನುಂಗುತ್ತದೆ.

ಅವ್ವ ದೂರವನ್ನು ಎಂದೂ ಮೈಲಿಯಲ್ಲಾಗಲಿ ಕಿಲೋಮೀಟರಿನಲ್ಲಾಗಲಿ ಹೇಳಿದವಳಲ್ಲ. ಊರ ಗಂಡಸರು 'ಹರದಾರಿ' ಎನ್ನುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಅವ್ವನ ಲೆಕ್ಕ ಬುತ್ತಿಯದು. "ವಿಜಾಪುರ ಅಂದ್ರ ಬುತ್ತಿ ಬೇಕಿಲ್ಲ. ಬಬಲೇಶ್ವರ ಒಂದ್ ಬುತ್ತಿ. ಪಂಢರಪುರ ನಾಕ್ ಬುತ್ತಿ" ಎನ್ನುವಳು. ಒಂದು ಹೊತ್ತಿನ ದಾರಿಗೆ ಮೆತ್ತನ್ನ ರೊಟ್ಟಿ, ಪಲ್ಯ, ಮೊಸರು. ಹೆಚ್ಚಿನ ದಾರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ದಾರಿ ಎಷ್ಟು ಉದ್ದವೆಂಬುದನ್ನು ಹೆಂಗಸರು ಹಿಂದಿನ ರಾತ್ರಿ ಒಲೆಯ ಮುಂದೆಯೇ ಅಳೆದುಬಿಡುತ್ತಿದ್ದರು.

ಪಂಚಮಿ ಹಬ್ಬಕ್ಕೆ ಸೋದರಮಾವ ಚಕ್ಕಡಿ ಕಟ್ಟಿಕೊಂಡು ಅವ್ವನನ್ನು ಕರೆಯಲು ಬರುತ್ತಿದ್ದ. ಕೋಳಿ ಕೂಗುವ ಹೊತ್ತಿಗೆ ಹೊರಟರೆ ಬಬಲೇಶ್ವರ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು, ಆರು ತಾಸಿನ ದಾರಿ. ಒಂದು ವರ್ಷ ಡೋಣಿ ತುಂಬಿ ಬಂದು ಮಾವ ಆಚೆ ದಂಡೆಯಿಂದಲೇ ತಿರುಗಿ ಹೋದ. ಅವ್ವ ಕಟ್ಟಿಟ್ಟ ಉಂಡಿಗಳನ್ನು ನಮಗೆ ಹಂಚಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಆಗ ಎರಡನೆಯ ಇಯತ್ತೆ. ಅವಳು ಯಾಕೆ ಅಳುತ್ತಾಳೆಂದು ತಿಳಿಯಲಿಲ್ಲ. ಉಂಡಿ ಸಿಕ್ಕಿತಲ್ಲ ಎಂದು ನನಗೆ ಸಂತೋಷವೇ ಆಗಿತ್ತು.

ನಾನು ವಿಜಯಪುರದಲ್ಲಿ ಮನೆ ಮಾಡಿಕೊಂಡು ದಿನಾಲು ಟಿಕೋಟಾಕ್ಕೆ ಬಸ್ಸಿನಲ್ಲಿ ಓಡಾಡುವವಳು. 2014ರ ನವೆಂಬರ್ 1ರಿಂದ ಊರಿಗೆ ವಿಜಯಪುರವೆಂಬ ಹೆಸರು ಅಧಿಕೃತವಾದರೂ ನಮ್ಮ ಕಂಡಕ್ಟರ ಬಾಯಲ್ಲಿ ಇನ್ನೂ ವಿಜಾಪುರವೇ. ಊರು ಬಿಟ್ಟು ಸ್ವಲ್ಪ ದೂರಕ್ಕೇ ತೊರವಿ ಸಿಗುತ್ತದೆ. ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದೇ. ಇದರ ಬಳಿಯೇ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ತೊಡಗಿದ. ಕಾಲು ಶತಮಾನ ಕಳೆಯುವಷ್ಟರಲ್ಲಿ, 1624ರಲ್ಲಿ, ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಬಸ್ಸಿನ ಕಿಟಕಿಯಿಂದ ಆ ಕಡೆ ನೋಡುವಾಗಲೆಲ್ಲ ನನಗೆ ನೆನಪಾಗುವುದು ಆ ಇಬ್ರಾಹಿಮನ ಮಗಳು.

ಪಠ್ಯಪುಸ್ತಕದಲ್ಲಿ ಆಕೆಯ ಹೆಸರಿಲ್ಲ. ಇತಿಹಾಸಕಾರರು ಬೇಗಂ ಸುಲ್ತಾನ ಎನ್ನುತ್ತಾರೆ. ಅಕ್ಬರನ ಮಗ ದಾನಿಯಾಲನಿಗೆ ಆಕೆಯನ್ನು ಕೊಡುವ ಮಾತಾಗಿತ್ತು. ಆಕೆಯನ್ನು ಕರೆದೊಯ್ಯಲು ಆಗ್ರಾದಿಂದ ಅಸದ್ ಬೇಗನೆಂಬ ರಾಯಭಾರಿ ಬಂದ. ಈತ ವಿಜಯಪುರದಲ್ಲಿ ಮೊದಲ ಸಲ ತಂಬಾಕು ನೋಡಿ, ಹಿಂದಿರುಗುವಾಗ ಕೊಂಡೊಯ್ದು ಅಕ್ಬರನಿಗೆ ತೋರಿಸಿದ ಎಂಬ ಸಂಗತಿಯನ್ನು ಎಲ್ಲ ಪುಸ್ತಕಗಳೂ ತಪ್ಪದೆ ಹೇಳುತ್ತವೆ. ತಂಬಾಕಿನ ಪ್ರಯಾಣಕ್ಕೆ ಸಿಕ್ಕ ಜಾಗ ಹುಡುಗಿಯ ಪ್ರಯಾಣಕ್ಕೆ ಸಿಗಲಿಲ್ಲ. ಆಕೆಯ ಸಂಗಡ ಹೋದವರಲ್ಲಿ ಪ್ರಸಿದ್ಧ ಇತಿಹಾಸಕಾರ ಫೆರಿಸ್ತಾ ಕೂಡ ಒಬ್ಬ. 1604ರಲ್ಲಿ ಗೋದಾವರಿ ದಂಡೆಯ ಪೈಠಣದ ಬಳಿ ಮದುವೆಯಾಯಿತು. ಅಲ್ಲಿಂದ ಮುಂದೆ ಬುರ್ಹಾನಪುರ. ನಮ್ಮ ಊರಿನಿಂದ ಬುರ್ಹಾನಪುರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 500 ಕಿ.ಮೀ. ದಕ್ಷಿಣಕ್ಕೆ ಬೆಂಗಳೂರು ಎಷ್ಟೋ ಉತ್ತರಕ್ಕೆ ಅದೂ ಹೆಚ್ಚು ಕಡಿಮೆ ಅಷ್ಟೇ. ಪಲ್ಲಕ್ಕಿ, ಆನೆ, ಡೇರೆಗಳ ಆ ಮೆರವಣಿಗೆ ಮಜಲು ಮಜಲಾಗಿ ನಡೆದಿರಬೇಕು. 1605ರ ಮಾರ್ಚಿನ ಹೊತ್ತಿಗೆ ಕುಡಿತದ ಚಟ ದಾನಿಯಾಲನನ್ನು ಬಲಿ ತೆಗೆದುಕೊಂಡಿತು. ಮದುವೆಯಾಗಿ ವರ್ಷ ತುಂಬುವುದರೊಳಗೆ ನಮ್ಮೂರ ಮಗಳು ಪರದೇಶದಲ್ಲಿ ವಿಧವೆಯಾದಳು.

ಇದಕ್ಕೂ ಮೊದಲು ಉತ್ತರದಿಂದ ಇಲ್ಲಿಗೆ ಬಂದ ಸೊಸೆಯ ಹೆಸರು ನಿಮಗೆಲ್ಲ ಗೊತ್ತು, ಚಾಂದಬೀಬಿ. ಅಹಮದನಗರದ ನಿಜಾಮಶಾಹಿ ಮನೆತನದ ಮಗಳು, ಮೊದಲನೆಯ ಅಲಿ ಆದಿಲಶಾಹನ ಹೆಂಡತಿ. ಬಳುವಳಿಯಾಗಿ ಸೋಲಾಪುರದ ಕೋಟೆಯನ್ನೇ ತಂದವಳು. 1580ರಲ್ಲಿ ಗಂಡ ಕೊಲೆಯಾದ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಆಮೇಲೆ ತವರಿಗೆ ಮರಳಿ, 1595ರಲ್ಲಿ ಮೊಗಲರ ಮುತ್ತಿಗೆಯ ಎದುರು ಅಹಮದನಗರದ ಕೋಟೆಯನ್ನು ಕಾಪಾಡಿದಳು. ಎರಡು ಊರುಗಳ ನಡುವಿನ ದಾರಿಯನ್ನು ಸೊಸೆಯಾಗಿ ಬಂದು ಮಗಳಾಗಿ ಮರಳಿ ಎರಡೂ ಕಡೆಯಿಂದ ನಡೆದ ಹೆಂಗಸು ನಮ್ಮ ಚರಿತ್ರೆಯಲ್ಲಿ ಅಪರೂಪ. ಮಕ್ಕಳಿಗೆ ಆಕೆಯ ಶೌರ್ಯದ ಪಾಠ ಹೇಳುವಾಗ, ತವರಿಗೆ ಮರಳಿ ಹೋದಳೆಂಬ ಮಾತಿನ ಹತ್ತಿರ ನಾನು ಒಂದು ಕ್ಷಣ ನಿಲ್ಲುತ್ತೇನೆ.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ಶರಣಾದ ಮೇಲೆ ವಿಜಯಪುರ ಕಳೆಗುಂದಿತು. ರಾಜಧಾನಿಯಾಗಿದ್ದ ಊರು ಹಾಳು ಗೋಡೆಗಳ ಊರಾಯಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಜಿಲ್ಲೆಯ ಕೇಂದ್ರ ಕಲಾದಗಿಯಾಗಿತ್ತು. ಜಿಲ್ಲೆಗೂ ಅದೇ ಹೆಸರು. ಆಗಲೇ ಬಂದದ್ದು 1876–78ರ ಭೀಕರ ಬರಗಾಲ.

ಬರಗಾಲದ ಕಥೆಯಲ್ಲಿ ನನ್ನನ್ನು ಕಾಡುವುದು ಮಳೆಯಿಲ್ಲದ್ದಕ್ಕಿಂತ ದೂರದ ಸಂಗತಿ. ಸೋಲಾಪುರಕ್ಕೆ 1860ರಲ್ಲಿಯೇ ರೈಲು ಬಂದಿತ್ತು. ಅಲ್ಲಿಂದ ನಮ್ಮ ಊರಿಗೆ ಸುಮಾರು ನೂರು ಕಿ.ಮೀ. ಇಂದು ಬಸ್ಸಿನಲ್ಲಿ ಎರಡು–ಎರಡೂವರೆ ತಾಸು. ಆದರೆ ಅಂದು ಆ ನೂರು ಕಿ.ಮೀ. ದಾಟಿ ಕಾಳು ತರಬೇಕಾದದ್ದು ಎತ್ತು. ಮೇವಿಲ್ಲದೆ ಎತ್ತುಗಳೇ ಸತ್ತು ಬಿದ್ದಿದ್ದವು. ಚಕ್ಕಡಿ ಇತ್ತು, ಎಳೆಯುವ ಜೀವ ಇರಲಿಲ್ಲ. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರು ಲಕ್ಷ ನಲವತ್ತು ಸಾವಿರದ ಒಳಗೆ ಇಳಿದಿತ್ತು. ಸತ್ತವರೆಷ್ಟೋ, ಗುಳೆ ಹೋಗಿ ಮರಳದವರೆಷ್ಟೋ.

ಆಮೇಲೆ ಸರಕಾರದ ಕಣ್ಣು ತೆರೆಯಿತು. ಬರಗಾಲದ ಸೀಮೆಗಳಿಗೆ ಕಾಳು ಮುಟ್ಟಿಸಲೆಂದೇ ರೈಲುದಾರಿ ಬೇಕೆಂದು 1880ರ ಕ್ಷಾಮ ಆಯೋಗ ಹೇಳಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಹಳಿ ಹಾಕಿ, 1884ರಲ್ಲಿ ಗಾಡಿ ಓಡಿಸಿತು. ಹಳಿ ವಿಜಯಪುರದ ಮೇಲೆ ಹಾಯ್ದಿತು, ಕಲಾದಗಿ ಬದಿಗುಳಿಯಿತು. ಮರುವರ್ಷವೇ, 1885ರಲ್ಲಿ, ಜಿಲ್ಲೆಯ ಕೇಂದ್ರ ಇಲ್ಲಿಗೆ ಬಂತು. ಆದಿಲಶಾಹಿ ಅರಮನೆಗಳಲ್ಲಿ ಕಚೇರಿಗಳು ಕುಳಿತವು. ಎರಡು ನೂರು ವರ್ಷ ಬಿದ್ದಿದ್ದ ಊರು ಮತ್ತೆ ಎದ್ದು ನಿಂತಿತು. ಗೋಲಗುಂಬಜ ಅಲ್ಲೇ ಇತ್ತು, ಊರು ಒಂದಂಗುಲ ಸರಿದಿರಲಿಲ್ಲ. ಸೋಲಾಪುರ ಹತ್ತಿರ ಬಂದಿತ್ತು, ಅಷ್ಟೇ.

ರೈಲಿನೊಂದಿಗೆ ಹೊಸ ವೇಳೆಯೂ ಬಂತು. ಆಗಿನ ರೈಲುಗಳು ಮದ್ರಾಸಿನ ಗಡಿಯಾರಕ್ಕೆ ಓಡುತ್ತಿದ್ದವು. ನಮ್ಮದೋ ಮುಂಬಯಿ ಇಲಾಖೆ. ಮುಂಬಯಿ ವೇಳೆಗೂ ಮದ್ರಾಸ್ ವೇಳೆಗೂ ಅರ್ಧ ತಾಸಿನ ಅಂತರ. ದೇಶಕ್ಕೆಲ್ಲ ಒಂದೇ ವೇಳೆ ಎಂದಾದದ್ದು 1906ರಲ್ಲಿ. ಅದೂ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ವಿಜಯಪುರ ಇರುವುದು ಎಪ್ಪತ್ತೈದು ಮುಕ್ಕಾಲರ ಸುಮಾರಿಗೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ನೆತ್ತಿಯ ಮೇಲೆ ಸೂರ್ಯ ಬರುವಾಗ ನಮ್ಮ ಶಾಲೆಯ ಗಡಿಯಾರದಲ್ಲಿ ಹನ್ನೆರಡೂವರೆಯ ಹತ್ತಿರ. ನೆರಳು ನೋಡಿ ಬುತ್ತಿ ಬಿಚ್ಚುತ್ತಿದ್ದ ಅವ್ವ ಅರ್ಧ ತಾಸು ತಡ ಎಂದು ನಾವು ಹಾಸ್ಯ ಮಾಡುತ್ತಿದ್ದೆವು. ಭೂಗೋಳ ಓದಿದ ಮೇಲೆ ತಿಳಿಯಿತು, ಅವಳದೇ ಸರಿಯಾದ ಹೊತ್ತು.

1956ರ ನವೆಂಬರ್ 1ರಂದು ಮತ್ತೊಂದು ವಿಚಿತ್ರ ನಡೆಯಿತು. ಅಲ್ಲಿಯವರೆಗೆ ನಮ್ಮ ರಾಜಧಾನಿ ಮುಂಬಯಿ. ಅಂದಿನಿಂದ ಬೆಂಗಳೂರು. ರಸ್ತೆಯಲ್ಲಿ ಎರಡೂ ಐದುನೂರು ಕಿ.ಮೀ. ಆಸುಪಾಸಿನಲ್ಲೇ ಇವೆ. ಆದರೆ ಮನಸ್ಸಿನ ದೂರ ಬೇರೆ. ಮುಂಬಯಿ, ಪುಣೆ, ಸೋಲಾಪುರಗಳಲ್ಲಿ ನಮ್ಮವರಿಗೆ ಗಿರಣಿಯ ಕೆಲಸವಿತ್ತು, ನೆಂಟರಿದ್ದರು. ಬೆಂಗಳೂರಿನಲ್ಲಿ ಯಾರಿದ್ದರು? ಕೋರ್ಟಿನ ಒಂದು ಕಾಗದಕ್ಕೂ ಅಲ್ಲಿಗೇ ಹೋಗಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಬಂದಾಗ ನಮ್ಮ ಜಿಲ್ಲೆಯ ಬಡ ಕಕ್ಷಿದಾರರಿಗೆ ಆದ ಉಪಕಾರ ಸಣ್ಣದಲ್ಲ. ಆಸ್ತಿಯ ಪಾಲಿಗಾಗಿ ಒಬ್ಬಳೇ ಹೋರಾಡುವ ವಿಧವೆಗೆ ಬೆಂಗಳೂರೆಂದರೆ ಎರಡು ರಾತ್ರಿಯ ಪ್ರಯಾಣ ಮತ್ತು ಉಳಿಯಲು ಒಂದು ಸೂರು.

ಈಗ ನನ್ನ ಮಾತು. ನಾನು ಬಿ.ಎ. ಮುಗಿಸಿದ್ದು 1991ರಲ್ಲಿ. ಇತಿಹಾಸದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಬೇಕೆಂಬ ಹುಚ್ಚು. ಅರ್ಜಿ ತರಿಸಿ ತುಂಬಿದ್ದೆ. ಧಾರವಾಡಕ್ಕೆ ಸುಮಾರು ಇನ್ನೂರು ಕಿ.ಮೀ., ಬಸ್ಸಿನಲ್ಲಿ ಆರು ತಾಸು. ಅವ್ವನ ಬಬಲೇಶ್ವರದ ಚಕ್ಕಡಿ ದಾರಿಯೂ ಆರು ತಾಸೇ ಅಲ್ಲವೇ?

ಹೋಗುವ ಹಿಂದಿನ ರಾತ್ರಿ ಅವ್ವ ರೊಟ್ಟಿ ಬಡಿದಳು. ಹಿಂಡಿ ಕುಟ್ಟಿದಳು. ಬಟ್ಟೆಯಲ್ಲಿ ಬುತ್ತಿ ಕಟ್ಟಿ ಗೂಟಕ್ಕೆ ತೂಗಹಾಕಿದಳು. ಅಪ್ಪ ರಾತ್ರಿ ಉಂಡು ಕೈ ತೊಳೆದು, ನನ್ನ ಮುಖ ನೋಡದೆ ಹೇಳಿದ: "ಧಾರವಾಡ ಭಾಳ ದೂರ ಆಕ್ಕೈತಿ. ಇಲ್ಲೇ ಬಿ.ಎಡ್. ಮಾಡು."

ನಾನು ಜಗಳವಾಡಲಿಲ್ಲ. ಅಪ್ಪ ಕೆಟ್ಟವನಾಗಿರಲಿಲ್ಲ. ಹೆಣ್ಣುಮಗಳನ್ನು ಪರಊರಲ್ಲಿ ಬಿಟ್ಟು ಬಂದು ಜನರ ಬಾಯಿಗೆ ಬೀಳುವ ಧೈರ್ಯ ಅವನಿಗಿರಲಿಲ್ಲ, ಅಷ್ಟೇ. ಬೆಳಿಗ್ಗೆ ಆ ಬುತ್ತಿಯನ್ನು ಮನೆಯವರೆಲ್ಲ ಕೂತು ಉಂಡೆವು. ಎರಡು ವರ್ಷದ ನಂತರ ತಮ್ಮನನ್ನು ಇಂಜಿನಿಯರಿಂಗಿಗೆ ಪುಣೆಗೆ ಕಳಿಸಿದರು. ಪುಣೆಗೆ ಮುನ್ನೂರು ಕಿ.ಮೀ. ಮೇಲೆ. ಅಂದು ಯಾರೂ ದೂರವೆನ್ನಲಿಲ್ಲ. ಅಪ್ಪನೇ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನವರೆಗೆ ನಡೆದ.

ಅವತ್ತು ಸಂಜೆ ಅವ್ವ ನನ್ನ ತಲೆ ಬಾಚುತ್ತ ಮೆಲ್ಲಗೆ ಅಂದಳು: "ನನಗ ಬಬಲೇಶ್ವರ ದೂರಿತ್ತು. ನಿನಗ ಧಾರವಾಡ ದೂರಾತು. ಗಂಡಸರ ಹರದಾರಿನ ಬ್ಯಾರೆ ಬಿಡ ಯವ್ವಾ."

2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ನಮ್ಮ ಊರಿಗೇ ಬಂತು. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ತೊರವಿಯ ಕಡೆ ಬಸ್ಸು ತಿರುಗಿದಾಗಲೆಲ್ಲ ಪುಸ್ತಕ ಎದೆಗವಚಿಕೊಂಡು ಇಳಿಯುವ ಹುಡುಗಿಯರನ್ನು ನೋಡುತ್ತೇನೆ. ಹನ್ನೆರಡು ವರ್ಷ ತಡವಾಗಿ ಬಂದಿತಲ್ಲ ಎಂದು ಮೊದಮೊದಲು ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಈಗ ಆಗುವುದಿಲ್ಲ ಎಂದರೆ ಸುಳ್ಳಾದೀತು, ಕಡಿಮೆಯಾಗಿದೆ. ಎಷ್ಟೋ ಅಪ್ಪಂದಿರ 'ದೂರ ಆಕ್ಕೈತಿ' ಎಂಬ ಮಾತಿಗೆ ಆ ಕಟ್ಟಡ ಉತ್ತರ ಕೊಟ್ಟಿದೆ.

2023ರ ಜೂನ್ 11ರಂದು ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲದ ಪ್ರಯಾಣ ಶುರುವಾಯಿತು. ಸೀಟು ಸಿಗುವುದಿಲ್ಲವೆಂದು ಗೊಣಗಿದವರಲ್ಲಿ ನಾನೂ ಒಬ್ಬಳು. ಆದರೆ ಆ ವರ್ಷದ ಪಂಚಮಿಗೆ ಬಸ್ ಸ್ಟ್ಯಾಂಡ್ ನೋಡಬೇಕಿತ್ತು! ಕೈಚೀಲದ ತುಂಬ ಉಂಡಿ, ಕಂಕುಳಲ್ಲಿ ಕೂಸು. ಅಣ್ಣ ತಮ್ಮಂದಿರು ಕರೆಯಲು ಬರಲೆಂದು ಕಾಯದೆ ತಾವಾಗಿಯೇ ಹೊರಟ ಹೆಂಗಸರು.

ಅಂದು ತರಗತಿಯಲ್ಲಿ ಆ ಹುಡುಗಿಯ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಬದಲಿಗೆ ಎಲ್ಲರಿಗೂ ಮನೆಗೆಲಸ ಕೊಟ್ಟೆ. ನಿಮ್ಮ ಅವ್ವನ ತವರು ಯಾವುದು, ಎಷ್ಟು ಕಿ.ಮೀ., ಎಷ್ಟು ತಾಸು, ಹೋಗಿ ಎಷ್ಟು ದಿನವಾಯಿತು, ನಾಲ್ಕು ಕಾಲಂ ಹಾಕಿ ಬರೆದು ತನ್ನಿ ಎಂದೆ. ಕೊರೊನಾದ ವರ್ಷ ಕಳೆದು ಬಂದಿತ್ತಾದ್ದರಿಂದ ನಾಲ್ಕನೆಯ ಕಾಲಂ ಉದ್ದವಿರಬಹುದೆಂದು ಎಣಿಸಿದ್ದೆ. ಆದರೆ ಮರುದಿನ ವಹಿಗಳನ್ನು ತಿರುವಿದಾಗ ಕೊರೊನಾಕ್ಕೂ ಹಿಂದಿನ ಲೆಕ್ಕಗಳೇ ಹೆಚ್ಚಿದ್ದವು. ಒಬ್ಬ ಹುಡುಗ ಬರೆದಿದ್ದ: ಜತ್ತ, ಒಂದೂವರೆ ತಾಸು, ಮೂರು ವರ್ಷ. ಇನ್ನೊಬ್ಬಳದು: ಇಂಡಿ, ಎರಡೂವರೆ ತಾಸು, ಅಜ್ಜಿ ಸತ್ತಾಗ ಹೋಗಿದ್ದಳು. ಮತ್ತೊಬ್ಬ ನಾಲ್ಕನೆಯ ಕಾಲಂ ಖಾಲಿ ಬಿಟ್ಟು, "ಅವ್ವ ಹೇಳಲಿಲ್ಲ" ಎಂದು ಪೆನ್ಸಿಲಿನಲ್ಲಿ ಬರೆದಿದ್ದ.

ಹಿಂದಿನ ಬೆಂಚಿನ ಹುಡುಗಿಯ ವಹಿಯಲ್ಲಿ ಹೀಗಿತ್ತು: ಬಬಲೇಶ್ವರ. ವಿಜಾಪುರದ ಮೇಲೆ ಎರಡು ಬಸ್. ಒಂದು ತಾಸು ಮುಕ್ಕಾಲು. ಎರಡು ವರ್ಷ ನಾಲ್ಕು ತಿಂಗಳು.

ಆ ವಹಿಗೆ ನಾನು ಸಹಿ ಹಾಕಿದೆ. ತಪ್ಪು ಒಪ್ಪು ಗುರುತು ಹಾಕಲು ಕೈ ಬರಲಿಲ್ಲ. ಸಂಜೆ ಮನೆಗೆ ಬಂದು, ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದ ಮಗಳಿಗೆ ಫೋನು ಮಾಡಿ ಯಾವಾಗ ಬರುತ್ತೀ ಎಂದೆ. "ರಾತ್ರಿ ಬಸ್ಸಿಗಿ ಕೂತ್ರ ಮುಂಜಾನಿ ಅಲ್ಲೇ ಇರ್ತೀನಿ, ಯಾಕ ಅವ್ವಾ?" ಎಂದಳು. ಏನಿಲ್ಲ ಎಂದು ಫೋನು ಇಟ್ಟು, ನಾಳೆಗೆ ಜೋಳ ಬೀಸಲು ಹಾಕಬೇಕೆಂದು ಡಬ್ಬಿ ತೆಗೆದೆ.